‘ಏನೂ ಸಿಗಲಿಲ್ಲ’ ಎಂಬ ಫಲಿತಾಂಶವನ್ನು ಪ್ರಕಟಿಸಬೇಕಾ, ಬೀರುವಿನಲ್ಲಿ ಇಡಬೇಕಾ?

ಬೀಕರ್ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಮೈಕ್ರೋಬಯಾಲಜಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಒಂದು ವಿಷಯ ತಲೆ ತಿನ್ನುತ್ತಿದೆ. ಇಲ್ಲಿ ಬೇರೆ ಬೇರೆ ಕ್ಷೇತ್ರದವರು ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಗಿಡದಿಂದ ತೆಗೆದ ಒಂದು ರಾಸಾಯನಿಕವು ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಬಯೋಫಿಲ್ಮ್ ಕಟ್ಟುವುದನ್ನು ತಡೆಯುತ್ತದೆ ಎಂದು ಒಂದು ಪೇಪರ್ ಬಂದಿತ್ತು. ಬಯೋಫಿಲ್ಮ್ ಅಂದರೆ ಬ್ಯಾಕ್ಟೀರಿಯಾಗಳು ಗುಂಪಾಗಿ ಅಂಟಿಕೊಂಡು ಕಟ್ಟುವ ಲೋಳೆ ಪದರ. ರೋಗಿಯ ದೇಹಕ್ಕೆ ಹಾಕುವ ಕ್ಯಾತಿಟರ್ ಕೊಳವೆಯೊಳಗೆ ಇದು ಕೂತುಬಿಟ್ಟರೆ ಆಂಟಿಬಯೋಟಿಕ್‌ಗೂ ಸುಲಭವಾಗಿ ಜಗ್ಗುವುದಿಲ್ಲ. ಹಾಗಾಗಿ ಅದನ್ನು ತಡೆಯುವ ವಸ್ತು ಸಿಕ್ಕರೆ ದೊಡ್ಡ ವಿಷಯವೇ.

ಆ ರಾಸಾಯನಿಕ ಯಾವ ಜೀನ್ ಮೂಲಕ ಕೆಲಸ ಮಾಡುತ್ತದೆ ಎಂದು ಹುಡುಕುವುದು ನನ್ನ ಕೆಲಸ. ಆದರೆ ಮೊದಲ ಮೆಟ್ಟಿಲೇ ಸಿಗುತ್ತಿಲ್ಲ. 96 ಪುಟ್ಟ ಗುಳಿ (ವೆಲ್) ಇರುವ ಪ್ಲೇಟ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ತೊಳೆದು, ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿ ಮತ್ತೆ ತೊಳೆದರೆ, ಬಯೋಫಿಲ್ಮ್ ಇರುವ ಕಡೆ ವೆಲ್‌ನ ಗೋಡೆಗೆ ನೇರಳೆ ಉಂಗುರ ಉಳಿಯುತ್ತದೆ. ರಾಸಾಯನಿಕ ಹಾಕಿದ ವೆಲ್‌ನಲ್ಲೂ ಅದೇ ಉಂಗುರ, ಹಾಕದ ವೆಲ್‌ನಲ್ಲೂ ಅದೇ ಉಂಗುರ. ಬಣ್ಣ ಕರಗಿಸಿ ರೀಡರ್‌ನಲ್ಲಿ ಅಳೆದರೂ ವ್ಯತ್ಯಾಸ ಕಾಣುವುದಿಲ್ಲ.

ಗೈಡ್ ಹೇಳುವುದು, ‘ಇದನ್ನು ಪಕ್ಕಕ್ಕಿಡು, ರಿಸಲ್ಟ್ ಬಂದಿರುವುದನ್ನು ಬರಿ’ ಅಂತ. ಅವರ ಮೇಲೆ ನನಗೆ ಗೌರವ ಇದೆ. ಆದರೆ ಇದೂ ರಿಸಲ್ಟೇ ಅಲ್ವಾ? ನನ್ನ ಹಾಗೆ ಇನ್ನೂ ಎಷ್ಟು ಲ್ಯಾಬ್‌ನವರು ಇದೇ ಪೇಪರ್ ನಂಬಿ ಕೆಲಸ ಶುರು ಮಾಡಿದ್ದಾರೋ?

ವಾರ್ಡ್ ಡ್ಯೂಟಿ

ದಯವಿಟ್ಟು ಪಕ್ಕಕ್ಕಿಡಬೇಡಿ. ಯಾಕೆ ಅಂತ ಹೃದ್ರೋಗದ ಕಡೆಯ ಒಂದು ಕಥೆ ಹೇಳುತ್ತೇನೆ. ನಾನು ಜೂನಿಯರ್‌ಗಳಿಗೆ ಇದನ್ನು ತಪ್ಪದೆ ಹೇಳುತ್ತೇನೆ.

ಹೃದಯಾಘಾತ ಆದವರ ಇಸಿಜಿಯಲ್ಲಿ ಮಧ್ಯೆ ಮಧ್ಯೆ ಲಯ ತಪ್ಪಿದ ಬಡಿತ ಕಾಣುವುದುಂಟು. ಅಂಥ ಬಡಿತ ಜಾಸ್ತಿ ಇದ್ದವರು ಹಠಾತ್ತಾಗಿ ಸಾಯುವ ಸಂಭವವೂ ಜಾಸ್ತಿ. ಹಾಗಾದರೆ ಬಡಿತ ಸರಿಪಡಿಸುವ ಮಾತ್ರೆ ಕೊಟ್ಟರೆ ಜೀವ ಉಳಿಯಬೇಕು, ಅಲ್ವಾ? ಎಲ್ಲರೂ ಹಾಗೇ ಅಂದುಕೊಂಡಿದ್ದರು. ಮಾತ್ರೆ ಕೊಟ್ಟರೆ ಇಸಿಜಿ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು.

1980ರಲ್ಲಿ ಬ್ರಿಟನ್ನಿನಲ್ಲಿ ಲೋರ್ಕೈನೈಡ್ ಎಂಬ ಇಂಥದ್ದೇ ಔಷಧದ ಸಣ್ಣ ಪ್ರಯೋಗ ನಡೆಯಿತು. 95 ರೋಗಿಗಳು. ಔಷಧ ತೆಗೆದುಕೊಂಡವರಲ್ಲಿ 9 ಜನ ತೀರಿಕೊಂಡರು. ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಒಬ್ಬರು. ಪ್ರಯೋಗ ಮಾಡಿದವರು ಇದು ಆಕಸ್ಮಿಕ ಇರಬೇಕು ಅಂದುಕೊಂಡರು. ಅಷ್ಟರಲ್ಲಿ ಬೇರೆ ವ್ಯಾಪಾರಿ ಕಾರಣಗಳಿಗೆ ಆ ಔಷಧವನ್ನೇ ಕೈಬಿಡಲಾಯಿತು. ಪೇಪರ್ ಬರಲಿಲ್ಲ.

ಅದೇ ಜಾತಿಯ ಬೇರೆ ಮಾತ್ರೆಗಳು ಮಾರುಕಟ್ಟೆಗೆ ಬಂದವು. ಅಮೆರಿಕದಲ್ಲಿ ಕಾಸ್ಟ್ ಎಂಬ ದೊಡ್ಡ ಪ್ರಯೋಗ ಮಾಡಿ ನೋಡಿದಾಗಲೇ ಗೊತ್ತಾಗಿದ್ದು. ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ತೆಗೆದುಕೊಂಡ 755 ಜನರಲ್ಲಿ 63 ಸಾವು. ಹುಸಿ ಮಾತ್ರೆಯ 743 ಜನರಲ್ಲಿ 26. 1989ರಲ್ಲಿ ಆ ಎರಡು ಔಷಧಗಳ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇಸಿಜಿ ಚೆಂದ ಮಾಡುತ್ತಿದ್ದ ಮಾತ್ರೆ ಜೀವ ತೆಗೆಯುತ್ತಿತ್ತು.

ಲೋರ್ಕೈನೈಡ್ ಪ್ರಯೋಗದವರು ತಮ್ಮ ಫಲಿತಾಂಶವನ್ನು ಕೊನೆಗೂ ಪ್ರಕಟಿಸಿದ್ದು 1993ರಲ್ಲಿ. ಆಗಲೇ ಪ್ರಕಟಿಸಿದ್ದರೆ ಒಂದು ಮುನ್ಸೂಚನೆ ಸಿಗುತ್ತಿತ್ತೇನೋ ಎಂದು ಅವರೇ ಬರೆದರು. 13 ವರ್ಷ ಆ ಒಂಬತ್ತು–ಒಂದು ಎಂಬ ಲೆಕ್ಕ ಬೀರುವಿನಲ್ಲಿ ಕೂತಿತ್ತು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ರಿವೆಟ್

ಡಾಕ್ಟರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ನಮ್ಮ ಇಂಜಿನಿಯರಿಂಗ್ ಕಡೆ ಇದೇ ಪಾಠಕ್ಕೆ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತ ಇದೆ. 1986ರ ಜನವರಿ 28, ಏಳು ಜನರ ಸಾವು. ಬೂಸ್ಟರ್ ರಾಕೆಟ್‌ನ ಕೀಲಿನಲ್ಲಿದ್ದ ರಬ್ಬರ್ ಓ-ರಿಂಗ್ ಚಳಿಗೆ ಗಡುಸಾಗಿ, ಬಿಸಿ ಅನಿಲ ಸೋರಿತು ಎಂಬುದು ಎಲ್ಲರಿಗೂ ಗೊತ್ತು. ಹಿಂದಿನ ರಾತ್ರಿ ಏನಾಯಿತು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಚಳಿ ಇದೆ, ಹಾರಿಸಬೇಡಿ ಎಂದು ಇಂಜಿನಿಯರ್‌ಗಳು ವಾದಿಸಿದರು. ಅವರ ಮುಂದೆ ಹಿಂದಿನ ಹಾರಾಟಗಳ ಲೆಕ್ಕ ಇತ್ತು. ಆದರೆ ನೋಡಿದ್ದು ಓ-ರಿಂಗ್‌ಗೆ ಪೆಟ್ಟಾದ ಹಾರಾಟಗಳನ್ನು ಮಾತ್ರ. ಅಷ್ಟನ್ನೇ ಇಟ್ಟು ನೋಡಿದರೆ ಬೆಚ್ಚಗಿದ್ದ ದಿನವೂ ಪೆಟ್ಟು, ಚಳಿಯ ದಿನವೂ ಪೆಟ್ಟು. ಉಷ್ಣಾಂಶಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನಿಸುತ್ತದೆ.

ತನಿಖಾ ಆಯೋಗ ಏನೂ ಆಗದ ಹಾರಾಟಗಳನ್ನೂ ಅದೇ ನಕ್ಷೆಗೆ ಹಾಕಿತು. ಚಿತ್ರ ಪೂರ್ತಿ ಬದಲಾಯಿತು. 66 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಬೆಚ್ಚಗಿದ್ದ 20 ಹಾರಾಟಗಳಲ್ಲಿ ಪೆಟ್ಟಾಗಿದ್ದು ಮೂರರಲ್ಲಿ ಮಾತ್ರ. 63 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿದ್ದ ನಾಲ್ಕರಲ್ಲಿ ನಾಲ್ಕಕ್ಕೂ ಪೆಟ್ಟು. ಆ ದಿನ ಬೆಳಿಗ್ಗೆ ಹಾರಿಸಿದಾಗ ಇದ್ದದ್ದು 36 ಡಿಗ್ರಿ.

‘ಏನೂ ಆಗಲಿಲ್ಲ’ ಎಂಬ 17 ಚುಕ್ಕಿಗಳು ಕಾಗದದ ಮೇಲೆ ಇಲ್ಲದ್ದರಿಂದ ಉಳಿದ ಚುಕ್ಕಿಗಳು ಏನು ಹೇಳುತ್ತಿವೆ ಅಂತಲೇ ತಿಳಿಯಲಿಲ್ಲ. ಅದಕ್ಕೇ ಹೇಳುವುದು, ಏನೂ ಆಗದ್ದನ್ನೂ ಬರೆದಿಡಬೇಕು.

ಸಂಖ್ಯೆ ಮೇಷ್ಟ್ರು

ರಿವೆಟ್ ಅವರ ಉದಾಹರಣೆ ನಾನು ಕ್ಲಾಸಿನಲ್ಲೂ ಹೇಳುತ್ತೇನೆ. ಈಗ ಸ್ವಲ್ಪ ಲೆಕ್ಕ.

ಒಂದು ವಸ್ತುವಿಗೆ ಯಾವ ಪರಿಣಾಮವೂ ಇಲ್ಲ ಅಂದುಕೊಳ್ಳಿ. 20 ಲ್ಯಾಬ್‌ಗಳು ಅದನ್ನು ಬೇರೆ ಬೇರೆಯಾಗಿ ಪರೀಕ್ಷಿಸುತ್ತವೆ. ಪ್ರತಿ ಲ್ಯಾಬಿನಲ್ಲೂ ಬರೀ ಅದೃಷ್ಟದಿಂದ ‘ಪರಿಣಾಮ ಇದೆ’ ಎಂದು ಬರುವ ಸಂಭವ ನೂರಕ್ಕೆ 5. ಹಾಗಿದ್ದರೂ 20ರಲ್ಲಿ ಒಂದಕ್ಕಾದರೂ ಹಾಗೆ ಬರುವ ಸಂಭವ ನೂರಕ್ಕೆ 64. ಆ ಒಂದು ಲ್ಯಾಬ್ ಪೇಪರ್ ಬರೆಯುತ್ತದೆ. ಉಳಿದವರು ಸುಮ್ಮನಾಗುತ್ತಾರೆ. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಮೋಸ ಮಾಡಲಿಲ್ಲ. ಆದರೂ ಓದುವವರಿಗೆ ಸಿಗುವುದು ಸುಳ್ಳೇ. ರಾಬರ್ಟ್ ರೋಸೆಂತಾಲ್ 1979ರಲ್ಲೇ ಇದಕ್ಕೆ ಫೈಲ್ ಡ್ರಾಯರ್ ಸಮಸ್ಯೆ ಎಂದು ಹೆಸರಿಟ್ಟರು.

ಇದು ಬರೀ ಊಹೆಯ ಲೆಕ್ಕವಲ್ಲ. 2008ರಲ್ಲಿ ಎರಿಕ್ ಟರ್ನರ್ ಮತ್ತು ಜೊತೆಗಾರರು ಖಿನ್ನತೆಯ ಔಷಧಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಲ್ಲಿ ನೋಂದಣಿಯಾಗಿದ್ದ 74 ಅಧ್ಯಯನಗಳನ್ನು ತೆಗೆದು ನೋಡಿದರು. ಎಫ್‌ಡಿಎ ಪ್ರಕಾರ 38 ಅಧ್ಯಯನಗಳಲ್ಲಿ ಔಷಧ ಕೆಲಸ ಮಾಡಿತ್ತು. ಅವುಗಳಲ್ಲಿ 37 ಪ್ರಕಟವಾಗಿದ್ದವು. ಉಳಿದ 36 ಸೋತಿದ್ದವು ಅಥವಾ ಅನುಮಾನದಲ್ಲಿದ್ದವು. ಅವುಗಳಲ್ಲಿ 22 ಪ್ರಕಟವೇ ಆಗಿರಲಿಲ್ಲ. 11 ಗೆದ್ದ ಹಾಗೆ ಬರೆದು ಪ್ರಕಟವಾಗಿದ್ದವು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಮೂರೇ ಮೂರು. ಜರ್ನಲ್ ಓದಿ ಔಷಧ ಬರೆಯುವ ಡಾಕ್ಟರಿಗೆ ನೂರಕ್ಕೆ 94 ಅಧ್ಯಯನ ಗೆದ್ದಂತೆ ಕಾಣುತ್ತಿತ್ತು. ನಿಜದಲ್ಲಿ ಗೆದ್ದದ್ದು ಅರ್ಧದಷ್ಟು.

ಲ್ಯಾಬ್ ಕೀಲಿಕೈ

ಎಲ್ಲರೂ ಪ್ರಕಟಿಸಿ ಪ್ರಕಟಿಸಿ ಅನ್ನುತ್ತಿದ್ದೀರಿ. ನನ್ನದೊಂದು ತಕರಾರಿದೆ. ನಾನು ವರ್ಷಗಳಿಂದ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ಮೇಲಿನ ಉದಾಹರಣೆಗಳೆಲ್ಲ ಸರಿಯಾಗಿ ನಡೆದ ಪ್ರಯೋಗ, ಸರಿಯಾಗಿ ತೆಗೆದ ಅಳತೆ. ಲ್ಯಾಬಿನಲ್ಲಿ ದಿನಾ ನಡೆಯುವ ಸೋಲುಗಳು ಹಾಗಿರುವುದಿಲ್ಲ. ಎನ್‌ಜೈಮ್ ಹಳೆಯದಾಗಿರುತ್ತದೆ. ಫ್ರೀಜರ್ ರಾತ್ರಿ ಕೈಕೊಟ್ಟಿರುತ್ತದೆ. ಅಂಥದ್ದನ್ನೆಲ್ಲ ‘ಪರಿಣಾಮ ಇಲ್ಲ’ ಅಂತ ಪ್ರಕಟಿಸಿದರೆ ನಿಜವಾದ ಆವಿಷ್ಕಾರಗಳ ಮೇಲೂ ಮಣ್ಣು ಬೀಳುತ್ತದೆ.

ಕೆಟ್ಟ ಪ್ರಯೋಗ ಬೇರೆ, ‘ಇಲ್ಲ’ ಅನ್ನುವ ಫಲಿತಾಂಶ ಬೇರೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಬೀಕರ್ ಹುಡುಗಿ, ನಿಮಗೆ ಕೆಲವು ಪ್ರಶ್ನೆ. ಬೇಜಾರು ಮಾಡಿಕೊಳ್ಳಬೇಡಿ, ಪೇಪರ್ ಪರಿಶೀಲಿಸುವ ರಿವ್ಯೂವರ್ ಇದಕ್ಕಿಂತ ಕಠಿಣವಾಗಿ ಕೇಳುತ್ತಾರೆ.

ಪಾಸಿಟಿವ್ ಕಂಟ್ರೋಲ್ ಏನಿಟ್ಟಿದ್ದೀರಿ? ಬಯೋಫಿಲ್ಮ್ ಖಂಡಿತ ಕಡಿಮೆ ಮಾಡುವ ಯಾವುದಾದರೂ ವಸ್ತು ಅದೇ ಪ್ಲೇಟಿನಲ್ಲಿ ಇತ್ತಾ? ಅದು ಇಲ್ಲದಿದ್ದರೆ ನಿಮ್ಮ ಪರೀಕ್ಷೆಗೆ ಕಣ್ಣಿದೆಯೋ ಇಲ್ಲವೋ ಅಂತಲೇ ಗೊತ್ತಾಗುವುದಿಲ್ಲ.

ರಾಸಾಯನಿಕ ಯಾವುದರಲ್ಲಿ ಕರಗಿಸಿದಿರಿ? ಗಿಡದ ಇಂಥ ವಸ್ತುಗಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಡಿಎಂಎಸ್‌ಒ ಎಂಬ ದ್ರಾವಕ ಬೇಕಾಗುತ್ತದೆ. ಮೀಡಿಯಾಗೆ (ಬ್ಯಾಕ್ಟೀರಿಯಾ ಬೆಳೆಸುವ ದ್ರವಕ್ಕೆ) ಹಾಕಿದ ತಕ್ಷಣ ಮತ್ತೆ ಗಟ್ಟಿಯಾಗಿ ತಳಕ್ಕೆ ಕೂರಬಹುದು. ಆಗ ಬ್ಯಾಕ್ಟೀರಿಯಾಗೆ ಅದು ತಲುಪಿರುವುದೇ ಇಲ್ಲ.

ಸ್ಟ್ರೇನ್, ಅಂದರೆ ಬ್ಯಾಕ್ಟೀರಿಯಾದ ಒಳತಳಿ, ಅದೇನಾ? ಪಿಎಒ1 ಮತ್ತು ಪಿಎ14 ಎರಡೂ ಸ್ಯೂಡೊಮೊನಾಸ್ ಏರುಜಿನೋಸಾವೇ. ಆದರೆ ಪಿಎ14 ಸ್ಟ್ರೇನ್‌ಗೆ ಪಿಎಸ್‌ಎಲ್ ಎಂಬ ಅಂಟು ಸಕ್ಕರೆ ಮಾಡಲು ಬರುವುದಿಲ್ಲ. ಒಂದರಲ್ಲಿ ಬಂದದ್ದು ಇನ್ನೊಂದರಲ್ಲಿ ಬರಲೇಬೇಕು ಅಂತಿಲ್ಲ. ಪಿಎಒ1 ಕೂಡ ಲ್ಯಾಬಿಂದ ಲ್ಯಾಬಿಗೆ ಕೈ ಬದಲಾಯಿಸುತ್ತಾ ಸ್ವಲ್ಪ ಸ್ವಲ್ಪ ಬದಲಾಗಿದೆ.

ಬೀಕರ್ ಹುಡುಗಿ

ಬೇಜಾರೇನಿಲ್ಲ ಸರ್, ಇಂಥ ಪ್ರಶ್ನೆಗಳೇ ಬೇಕಿತ್ತು.

ಪಾಸಿಟಿವ್ ಕಂಟ್ರೋಲ್ ಆಗಿ ಡಿಎನ್‌ಏಸ್ ಎಂಬ ಎನ್‌ಜೈಮ್ ಇಟ್ಟಿದ್ದೇನೆ. ಬಯೋಫಿಲ್ಮ್ ಕಟ್ಟಲು ಈ ಬ್ಯಾಕ್ಟೀರಿಯಾ ಹೊರಗೆ ಬಿಟ್ಟ ಡಿಎನ್‌ಎಯನ್ನೂ ಬಳಸುತ್ತದೆ. ಶುರುವಿನಲ್ಲೇ ಡಿಎನ್‌ಏಸ್ ಹಾಕಿದರೆ ಅದು ಆ ಡಿಎನ್‌ಎಯನ್ನು ಕತ್ತರಿಸುತ್ತದೆ, ಪದರ ಸರಿಯಾಗಿ ನಿಲ್ಲುವುದಿಲ್ಲ. ನನ್ನ ಪ್ಲೇಟಿನಲ್ಲಿ ಆ ಸಾಲು ಪ್ರತಿ ಸಲ ತಿಳಿಯಾಗಿಯೇ ಬಂದಿದೆ, ತೆಳು ನೇರಳೆ ಅಷ್ಟೇ. ಅಂದರೆ ಕಡಿಮೆಯಾದರೆ ಕಾಣುತ್ತದೆ.

ಕರಗಿಸಿದ್ದು ಡಿಎಂಎಸ್‌ಒದಲ್ಲೇ. ಬರೀ ಡಿಎಂಎಸ್‌ಒ ಹಾಕಿದ ಸಾಲೂ ಇದೆ. ತಳಕ್ಕೆ ಕೂರುತ್ತದೆಯಾ ಎಂದು ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ದೇನೆ. ಪೇಪರ್‌ನಲ್ಲಿ ಹೇಳಿದ ಪ್ರಮಾಣದಲ್ಲಿ ಹರಳು ಕಾಣುವುದಿಲ್ಲ. ಅದಕ್ಕಿಂತ ಜಾಸ್ತಿ ಹಾಕಿದರೆ ಕಾಣುತ್ತದೆ.

ಸ್ಟ್ರೇನ್ ಇಬ್ಬರದೂ ಪಿಎಒ1. ಆದರೆ ನಮ್ಮದು ಬೇರೆ ಕಡೆಯಿಂದ ಬಂದದ್ದು.

ಸಂಖ್ಯೆ ಮೇಷ್ಟ್ರು

ಒಂದು ಪ್ರಶ್ನೆ ನನ್ನದೂ ಇದೆ. ಒಂದೇ ಸಲ ಬೆಳೆಸಿದ ಕಲ್ಚರ್‌ನಿಂದ ಎಂಟು ವೆಲ್ ತುಂಬಿದರೆ ಅದು ಎಂಟು ಪ್ರಯೋಗವಲ್ಲ, ಒಂದೇ. ಎಂಟು ಸಲ ಅಳೆದ ಒಂದು ಪ್ರಯೋಗ. ಬೇರೆ ಬೇರೆ ದಿನ, ಬೇರೆ ಬೇರೆ ಕಾಲನಿಯಿಂದ ಬೆಳೆಸಿದ್ದನ್ನು ಮಾತ್ರ ಬೇರೆ ಅಂತ ಎಣಿಸಬೇಕು. ಜೀವಶಾಸ್ತ್ರದ ಪೇಪರ್‌ಗಳಲ್ಲಿ ಇಲ್ಲೇ ಲೆಕ್ಕ ತಪ್ಪುವುದು. ಎರಡೂ ಕಡೆ, ಹೌದು ಅಂದವರಲ್ಲೂ ಇಲ್ಲ ಅಂದವರಲ್ಲೂ.

ಇನ್ನೊಂದು. ಪಿ-ವ್ಯಾಲ್ಯೂ (ಪರಿಣಾಮ ಇಲ್ಲದಿದ್ದರೂ ಬರೀ ಅದೃಷ್ಟದಿಂದ ಇಷ್ಟು ವ್ಯತ್ಯಾಸ ಬರುವ ಸಂಭವ) 0.05 ದಾಟಿತು ಅಂದರೆ ಪರಿಣಾಮ ಇಲ್ಲ ಅಂತ ಅರ್ಥವಲ್ಲ. ಕಾಣಲಿಲ್ಲ ಅಂತ ಅಷ್ಟೇ. ‘ಪರಿಣಾಮ ಇದ್ದರೂ ಇಷ್ಟಕ್ಕಿಂತ ಜಾಸ್ತಿ ಇರಲಾರದು’ ಎಂದು ಒಂದು ಮಿತಿ ಹೇಳಿ. ಆ ಪೇಪರ್ ಬಯೋಫಿಲ್ಮ್ ಅರ್ಧ ಕಡಿಮೆಯಾಗುತ್ತದೆ ಅಂದಿದ್ದು, ನಿಮ್ಮ ಮಿತಿ ನೂರಕ್ಕೆ 10 ಅಂತ ಬಂದರೆ, ಅದು ಗಟ್ಟಿ ಮಾತು. ಮಿತಿಯೇ ನೂರಕ್ಕೆ 60 ಅಂತ ಬಂದರೆ ನೀವು ಇನ್ನೂ ಏನನ್ನೂ ಹೇಳಿಲ್ಲ.

ತರಂಗ

ಮೇಷ್ಟ್ರು ನನ್ನ ಬಾಯಿಂದ ಮಾತು ಕಿತ್ತುಕೊಂಡರು. ಭೌತಶಾಸ್ತ್ರದಲ್ಲಿ ಇದು ಹಳೆಯ ಅಭ್ಯಾಸ. ಹುಡುಕಿದ್ದು ಸಿಗದಿದ್ದರೆ ಮೇಲ್ಮಿತಿ ಪ್ರಕಟಿಸುತ್ತೇವೆ. ಅದರಲ್ಲಿ ನಾಚಿಕೆಯೇನಿಲ್ಲ.

1887ರ ಮೈಕೆಲ್ಸನ್–ಮಾರ್ಲಿ ಪ್ರಯೋಗ ನೋಡಿ. ಬೆಳಕು ಈಥರ್ ಎಂಬ ಮಾಧ್ಯಮದಲ್ಲಿ ಸಾಗುತ್ತದೆ, ಭೂಮಿ ಅದರೊಳಗೆ ಓಡುತ್ತದೆ ಎಂದು ಆಗ ನಂಬಿದ್ದರು. ಹಾಗಿದ್ದರೆ ಬೆಳಕಿನ ವೇಗದಲ್ಲಿ ದಿಕ್ಕಿಗೆ ತಕ್ಕಂತೆ ಚೂರು ವ್ಯತ್ಯಾಸ ಸಿಗಬೇಕು. ಅವರು ಕಲ್ಲಿನ ದೊಡ್ಡ ಚಪ್ಪಡಿಯನ್ನು ಪಾದರಸದ ಮೇಲೆ ತೇಲಿಸಿದರು. ಅದರ ಮೇಲೆ ಕನ್ನಡಿಗಳು. ಅಲುಗಾಟ ಇಲ್ಲದೆ ನಿಧಾನಕ್ಕೆ ತಿರುಗಿಸಬಹುದಿತ್ತು. ಎರಡು ದಿಕ್ಕಿಗೆ ಹೋಗಿ ಬಂದ ಬೆಳಕು ಸೇರಿದಾಗ ಮೂಡುವ ಪಟ್ಟಿಗಳು 0.4 ಪಟ್ಟಿಯಷ್ಟು ಸರಿಯಬೇಕು ಎಂಬುದು ಲೆಕ್ಕ. ಸರಿದದ್ದು ಅದರ ಇಪ್ಪತ್ತನೇ ಒಂದು ಭಾಗಕ್ಕಿಂತ ಖಂಡಿತ ಕಡಿಮೆ ಎಂದು ಅವರು ಬರೆದರು. ಬರೀ ‘ಸಿಗಲಿಲ್ಲ’ ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಎಷ್ಟು ಸಿಗಬೇಕಿತ್ತು, ನಮ್ಮ ಯಂತ್ರ ಎಷ್ಟು ಸಣ್ಣದನ್ನು ನೋಡಬಲ್ಲದು ಎಂದು ಹೇಳಿದ್ದರಿಂದ ಅದು ತೂಕದ ಮಾತಾಯಿತು.

ಲ್ಯಾಬ್ ಕೀಲಿಕೈ ಅವರ ‘ಪರೀಕ್ಷೆಗೆ ಕಣ್ಣಿದೆಯಾ’ ಎಂಬ ಪ್ರಶ್ನೆಗೆ ಲೈಗೋದವರು ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಗುರುತ್ವದ ಅಲೆ ಹುಡುಕುವ ಆ ತಂಡ 2002ರಿಂದ 2010ರವರೆಗೆ ಏನೂ ಸಿಗದೆ ಮೇಲ್ಮಿತಿಗಳನ್ನೇ ಪ್ರಕಟಿಸುತ್ತಾ ಬಂದಿತು. 2010ರ ಸೆಪ್ಟೆಂಬರ್‌ನಲ್ಲಿ ಒಂದು ಸಿಗ್ನಲ್ ಬಂತು. ತಂಡ ತಿಂಗಳುಗಟ್ಟಲೆ ಅದನ್ನು ಜಾಲಾಡಿ ಪೇಪರನ್ನೂ ಸಿದ್ಧ ಮಾಡಿತು. 2011ರ ಮಾರ್ಚ್‌ನಲ್ಲಿ ಗುಟ್ಟು ಇಟ್ಟಿದ್ದ ಲಕೋಟೆ ತೆರೆದಾಗ ಗೊತ್ತಾಯಿತು, ಅದು ತಂಡದೊಳಗಿನ ಕೆಲವರೇ ಗುಟ್ಟಾಗಿ ಸೇರಿಸಿದ್ದ ಹುಸಿ ಸಿಗ್ನಲ್. ಹೀಗೆ ಮಾಡಬಹುದು ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು, ಯಾವಾಗ ಎಂಬುದು ಮಾತ್ರ ಗೊತ್ತಿರಲಿಲ್ಲ. ಅಲೆ ಬಂದರೆ ನಾವು ಹಿಡಿಯುತ್ತೇವೆ ಎಂದು ಅಲ್ಲಿ ಸಾಬೀತಾಯಿತು. ಹಾಗಾಗಿ ಅವರ ‘ಇಲ್ಲ’ ಎಂಬ ಮಾತಿಗೂ ಬೆಲೆ ಬಂತು. 2015ರ ಸೆಪ್ಟೆಂಬರ್ 14ರಂದು ಬಂದದ್ದು ನಿಜವಾದ ಅಲೆ.

ನಿಮ್ಮ ಡಿಎನ್‌ಏಸ್ ಸಾಲು ಮಾಡುತ್ತಿರುವುದೂ ಅದೇ ಕೆಲಸ.

ರಿವೆಟ್

ಯಂತ್ರವನ್ನು ಒಡೆದು ನೋಡುವಾಗಲೂ ಇದೇ ಯೋಚನೆ. 1954ರಲ್ಲಿ ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದುಹೋದವು. ಕಾರಣ ಹುಡುಕಲು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಒಂದು ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೂ ನೀರು ತುಂಬಿ, ಹಾರಾಟದಲ್ಲಿ ಆಗುವ ಹಾಗೆ ಒತ್ತಡ ಏರಿಸಿ ಇಳಿಸಿ ನೋಡಿದರು. ಗಾಳಿ ತುಂಬಿ ಮಾಡಿದ್ದರೆ ಬಾಂಬಿನಂತೆ ಸಿಡಿದು ಚೂರುಚೂರಾಗುತ್ತಿತ್ತು, ಬಿರುಕು ಎಲ್ಲಿಂದ ಶುರುವಾಯಿತು ಎಂಬ ಗುರುತೇ ಸಿಗುತ್ತಿರಲಿಲ್ಲ. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಹಾಗಾಗಿ ಬಿರುಕು ಬಿಟ್ಟ ತಕ್ಷಣ ಒತ್ತಡ ಬಿದ್ದುಹೋಗುತ್ತದೆ, ಒಡಲು ಅಲ್ಲೇ ನಿಲ್ಲುತ್ತದೆ. ಮೊದಲಿನ ಹಾರಾಟಗಳೂ ಸೇರಿ 3,057ನೇ ಸುತ್ತಿಗೆ ಅದು ಬಿರಿಯಿತು. ಲೋಹದ ಆಯಾಸವೇ ಕಾರಣ ಎಂದು ಸಿಕ್ಕಿತು. ಸೋಲು ಓದಲು ಬರುವ ಹಾಗೆ ಪ್ರಯೋಗ ಕಟ್ಟುವುದೂ ಒಂದು ವಿದ್ಯೆ.

ಹರಳು

ಕೆಮಿಸ್ಟ್ರಿಯವರ ಕಡೆಯಿಂದ ಒಂದು ಸಣ್ಣ ಮಾತು. ಲ್ಯಾಬ್ ಕೀಲಿಕೈ ಸರ್ ದಿನನಿತ್ಯದ ಸೋಲುಗಳಿಗೆ ಬೆಲೆ ಇಲ್ಲ ಅಂದರು. ಪೇಪರ್ ಮಾಡುವಷ್ಟು ಇಲ್ಲದಿರಬಹುದು. ಆದರೆ 2016ರಲ್ಲಿ ಅಮೆರಿಕದ ಹ್ಯಾವರ್‌ಫೋರ್ಡ್ ಕಾಲೇಜಿನ ತಂಡ ಹಳೆಯ ಲ್ಯಾಬ್ ನೋಟ್‌ಬುಕ್‌ಗಳಲ್ಲಿದ್ದ, ಎಂದೂ ಪ್ರಕಟವಾಗದ ಸೋತ ರಾಸಾಯನಿಕ ಕ್ರಿಯೆಗಳನ್ನು ಕಂಪ್ಯೂಟರ್‌ಗೆ ಕಲಿಸಿತು. ಆಮೇಲೆ ಹೊಸ ಹರಳು ಯಾವ ಪರಿಸ್ಥಿತಿಯಲ್ಲಿ ಬರುತ್ತದೆ ಎಂದು ಕೇಳಿದರೆ ಅದರ ಊಹೆ ನೂರಕ್ಕೆ 89 ಸಲ ಸರಿಯಾಯಿತು. ಅನುಭವ ಇರುವ ಕೆಮಿಸ್ಟ್‌ಗಳ ಊಹೆ ಸರಿಯಾಗಿದ್ದು ನೂರಕ್ಕೆ 78. ಎಲ್ಲಿ ಹರಳು ಬರುವುದಿಲ್ಲ ಎಂದು ಗೊತ್ತಿಲ್ಲದೆ ಎಲ್ಲಿ ಬರುತ್ತದೆ ಎಂದು ಕಲಿಯುವುದು ಕಷ್ಟ. ಹಾಗಾಗಿ ಕನಿಷ್ಠ ನೋಟ್‌ಬುಕ್ ಆದರೂ ಸರಿಯಾಗಿ ಬರೆಯಿರಿ.

ಲ್ಯಾಬ್ ಕೀಲಿಕೈ

ಇದು ಒಪ್ಪಿದೆ. ಪೂರ್ತಿ ವಿವರ ಬರೆದಿಟ್ಟ ಸೋಲಿಗೆ ಬೆಲೆ ಇದೆ. ‘ಬರಲಿಲ್ಲ’ ಅಂತ ಒಂದು ಪದ ಗೀಚಿಟ್ಟದ್ದಕ್ಕೆ ಇಲ್ಲ.

ಹಳೇ ಗೈಡ್

ನಾನು ಗೈಡ್‌ಗಳ ಪರವಾಗಿ ಎರಡು ಮಾತು ಹೇಳಲೇಬೇಕು. ಬೀಕರ್ ಹುಡುಗಿ, ನಿಮ್ಮ ಗೈಡ್ ಕೆಟ್ಟವರಾಗಿ ಹಾಗೆ ಹೇಳಿರಲಿಕ್ಕಿಲ್ಲ. ವಿದ್ಯಾರ್ಥಿಯ ಫೆಲೋಶಿಪ್‌ಗೆ ಅವಧಿ ಇರುತ್ತದೆ. ಮುಂದೆ ಕೆಲಸ ಕೊಡುವವರು ಪೇಪರ್ ಪಟ್ಟಿ ನೋಡುತ್ತಾರೆ. ‘ಇಲ್ಲ’ ಅನ್ನುವ ಪೇಪರಿಗೆ ಜಾಸ್ತಿ ಕೆಲಸ, ಕಡಿಮೆ ಹೆಸರು. ಅದಲ್ಲದೆ ಮೂಲ ಪೇಪರ್ ಬರೆದವರು ನಾಳೆ ನಿಮ್ಮ ರಿವ್ಯೂವರ್ ಆಗಬಹುದು. ಈ ಭಯ ಸುಳ್ಳಲ್ಲ. ಈ ವ್ಯವಸ್ಥೆಯೇ ನನಗೆ ಕೋಪ ತರಿಸುತ್ತದೆ. ಆದರೆ ಅದರ ಭಾರವನ್ನೆಲ್ಲ ಒಬ್ಬ ವಿದ್ಯಾರ್ಥಿನಿ ಹೊರಬೇಕು ಅಂತ ನಾವು ಇಲ್ಲಿ ಕೂತು ಹೇಳುವುದು ಸರಿಯಲ್ಲ.

ಹಾಗಂತ ದಾರಿ ಇಲ್ಲ ಅಂತಲ್ಲ. ಥೀಸಿಸ್‌ನಲ್ಲಿ ಇದಕ್ಕೆ ಒಂದು ಅಧ್ಯಾಯ ಕೊಡಿ. ಬಯೋಆರ್ಕೈವ್ ಎಂಬ ತಾಣದಲ್ಲಿ ಪ್ರೀಪ್ರಿಂಟ್ (ರಿವ್ಯೂಗೆ ಮೊದಲಿನ ಪೇಪರ್) ಹಾಕಿ. 2013ರಿಂದ ಅದು ಇದೆ, ಹಾಕಲು ದುಡ್ಡು ಬೇಕಿಲ್ಲ, ಹುಡುಕಿದವರಿಗೆ ಸಿಗುತ್ತದೆ. ಪ್ಲಾಸ್ ಒನ್ ಥರದ ಜರ್ನಲ್‌ಗಳು ಹೊಸತನ ನೋಡುವುದಿಲ್ಲ, ಪ್ರಯೋಗ ಸರಿಯಾಗಿ ನಡೆದಿದೆಯಾ ಅಂತ ನೋಡುತ್ತವೆ. ಮುಂದಿನ ಕೆಲಸಕ್ಕೆ ರಿಜಿಸ್ಟರ್ಡ್ ರಿಪೋರ್ಟ್ ಬಗ್ಗೆಯೂ ಯೋಚಿಸಿ. 2013ರಲ್ಲಿ ಕಾರ್ಟೆಕ್ಸ್ ಜರ್ನಲ್ ಶುರು ಮಾಡಿದ ಕ್ರಮ ಅದು. ಪ್ರಯೋಗ ಶುರುವಾಗುವ ಮೊದಲೇ ಯೋಜನೆಯನ್ನು ರಿವ್ಯೂ ಮಾಡಿ ಒಪ್ಪಿಕೊಳ್ಳುತ್ತಾರೆ. ಹೇಳಿದ ಹಾಗೆ ಮಾಡಿದರೆ ಫಲಿತಾಂಶ ಹೌದು ಬರಲಿ, ಇಲ್ಲ ಬರಲಿ, ಪ್ರಕಟಿಸುತ್ತಾರೆ.

ಆದರೆ ಇದಕ್ಕೆಲ್ಲ ಮೊದಲು ಮೂಲ ಪೇಪರಿನವರಿಗೆ ಒಂದು ಮೇಲ್ ಬರೆಯಿರಿ, ನಿಮ್ಮ ಗೈಡ್ ಅವರನ್ನೂ ಸೇರಿಸಿಕೊಂಡು. ‘ನಿಮ್ಮದು ತಪ್ಪು’ ಅಂತ ಬೇಡ. ‘ನಮ್ಮಲ್ಲಿ ಬರುತ್ತಿಲ್ಲ, ಪೇಪರಿನಲ್ಲಿ ಬರೆಯದ ವಿವರ ಏನಾದರೂ ಇದೆಯಾ, ನಿಮ್ಮ ಸ್ಟ್ರೇನ್ ಕಳಿಸಬಹುದಾ’ ಅಂತ ಕೇಳಿ.

ವಾರ್ಡ್ ಡ್ಯೂಟಿ

ಹಳೇ ಗೈಡ್ ಹೇಳಿದ್ದು ನ್ಯಾಯ. ವೈದ್ಯಕೀಯದಲ್ಲಿ ಸ್ವಲ್ಪ ಬದಲಾವಣೆ ಬಂದದ್ದು ವಿದ್ಯಾರ್ಥಿಗಳ ತ್ಯಾಗದಿಂದಲ್ಲ, ನಿಯಮದಿಂದ. 2005ರಿಂದ ದೊಡ್ಡ ವೈದ್ಯಕೀಯ ಜರ್ನಲ್‌ಗಳು, ರೋಗಿಗಳನ್ನು ಸೇರಿಸಿಕೊಳ್ಳುವ ಮೊದಲೇ ಪ್ರಯೋಗವನ್ನು ನೋಂದಾಯಿಸಿರಬೇಕು, ಇಲ್ಲದಿದ್ದರೆ ಪೇಪರ್ ತೆಗೆದುಕೊಳ್ಳುವುದಿಲ್ಲ ಅಂದವು. 2007ರ ಕಾನೂನು ಬಂದ ಮೇಲೆ ಅಮೆರಿಕದಲ್ಲಿ ಹಲವು ಬಗೆಯ ಪ್ರಯೋಗಗಳ ಫಲಿತಾಂಶವನ್ನು ಸರ್ಕಾರಿ ತಾಣದಲ್ಲಿ ಹಾಕುವುದು ಕಡ್ಡಾಯವಾಯಿತು. ಎಲ್ಲರೂ ಪಾಲಿಸುತ್ತಾರೆ ಅಂತಲ್ಲ. ಆದರೆ ಶುರುವಾದದ್ದು ಮುಗಿಯಲಿಲ್ಲ ಎಂದು ಈಗ ಹೊರಗಿನವರಿಗೂ ಕಾಣುತ್ತದೆ. ಲ್ಯಾಬ್ ಸಂಶೋಧನೆಗೆ ಅಂಥ ಕಡ್ಡಾಯ ಪಟ್ಟಿ ಇಲ್ಲ.

ಬೀಕರ್ ಹುಡುಗಿ

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಗೈಡ್ ಹತ್ತಿರ ಮತ್ತೆ ಕೂತು ಮಾತಾಡಿದೆ. ಮಿತಿಯ ಲೆಕ್ಕ ತೋರಿಸಿದೆ. ಬೇರೆ ಬೇರೆ ದಿನದ ಕಲ್ಚರ್‌ಗಳನ್ನು ಮಾತ್ರ ಎಣಿಸಿದರೂ, ಪರಿಣಾಮ ಇದ್ದರೆ ಪೇಪರ್ ಹೇಳಿದ್ದರ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು ಅಂತ ಬರುತ್ತದೆ. ಅವರು ಸ್ವಲ್ಪ ಹೊತ್ತು ಪ್ಲೇಟಿನ ಫೋಟೋಗಳನ್ನೇ ನೋಡಿದರು. ಥೀಸಿಸ್ ಅಧ್ಯಾಯಕ್ಕೆ ಒಪ್ಪಿದ್ದಾರೆ. ಪ್ರೀಪ್ರಿಂಟ್ ಬಗ್ಗೆ ಆಮೇಲೆ ನೋಡೋಣ ಅಂದಿದ್ದಾರೆ. ಮೂಲ ಲ್ಯಾಬಿಗೆ ಮೇಲ್ ಹೋಗಿದೆ, ಅವರ ಸ್ಟ್ರೇನ್ ಮತ್ತು ಅದೇ ಬ್ಯಾಚಿನ ರಾಸಾಯನಿಕ ಕೇಳಿದ್ದೇವೆ.

ಲ್ಯಾಬ್ ಕೀಲಿಕೈ

ಒಳ್ಳೆಯದಾಯಿತು. ಸ್ಟ್ರೇನ್ ಬಂದ ತಕ್ಷಣ ಅದನ್ನು ಫ್ರೀಜರ್ ಸ್ಟಾಕ್ ಮಾಡಿ, ಆಮೇಲೆ ಬೆಳೆಸಿ. ಎರಡೂ ಸ್ಟ್ರೇನ್, ಎರಡೂ ರಾಸಾಯನಿಕ, ಒಂದೇ ಪ್ಲೇಟಿನಲ್ಲಿ ಹಾಕಿ. ಅಂಚಿನ ವೆಲ್‌ಗಳಲ್ಲಿ ಸ್ಯಾಂಪಲ್ ಬೇಡ, ಅಲ್ಲಿ ಬೇಗ ಆರುತ್ತದೆ, ಉಂಗುರ ದಪ್ಪ ಬರುತ್ತದೆ. ಬರೀ ನೀರು ತುಂಬಿಸಿ. ಯಾವ ವೆಲ್‌ನಲ್ಲಿ ಏನಿದೆ ಅಂತ ಬೇರೆಯವರಿಂದ ಗುರುತು ಹಾಕಿಸಿ, ಅಳತೆ ಮುಗಿಯುವವರೆಗೆ ನೀವು ನೋಡಬೇಡಿ. ಏನು ಬಂದರೂ ಇಲ್ಲೇ ಹಾಕಿ, ಓದಲು ಕಾಯುತ್ತಿರುತ್ತೇನೆ.